ಮೂವತ್ತಡಿ ಕಾಡಿಗೊಂದು ನೆಲ

“ಏಯ್ ಅಮ್ಮಾ, ಕಾಲು ತೆಗೀರಿ! ಅದು ಕಲಾಕೃತಿ!”

ಪರದೆಯಕ್ಕ ಬಲಗಾಲನ್ನು ಎತ್ತಿ ಹಿಡಿದಳು. ಎಡಗಾಲು ಎಲ್ಲಿದೆ ಎಂದು ಬಗ್ಗಿ ನೋಡಿದರೆ ಅದೂ ಕಲಾಕೃತಿಯ ಮೇಲೇ ಇತ್ತು. ಎರಡನ್ನೂ ಒಟ್ಟಿಗೆ ಎತ್ತುವ ವಿದ್ಯೆ ಅವಳಿಗೆ ಬರುತ್ತಿರಲಿಲ್ಲ. ಉದ್ದ ಕೋಲಿನ ಪೊರಕೆಯನ್ನು ಊರಿಕೊಂಡು ಕೊಕ್ಕರೆಯ ಹಾಗೆ ಒಂಟಿಕಾಲಲ್ಲಿ ನಿಂತಳು.

“ಎಲ್ಲಿಗೆ ತೆಗೀಲಪ್ಪಾ? ಜಾಗ ತೋರ್ಸು.”

“ಹಗ್ಗದ ಆಚೆಗೆ! ಅಷ್ಟು ದಪ್ಪ ಹಗ್ಗ ಕಾಣಲ್ವಾ?”

ಕಾಣದೆ ಏನು. ಹನ್ನೆರಡು ಹಿತ್ತಾಳೆ ಕಂಬ, ಒಂದೊಂದೂ ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ಕಂಬದಿಂದ ಕಂಬಕ್ಕೆ ತೂಗುಬಿದ್ದ ಮೆತ್ತನೆಯ ಕೆಂಪು ಹಗ್ಗ. ಆದರೆ ಆ ಹಗ್ಗ ಇಲ್ಲಿಗೆ ಬಂದದ್ದು ಇವತ್ತು ಬೆಳಿಗ್ಗೆ. ಪರದೆಯಕ್ಕನ ಕಾಲು ಈ ನೆಲಕ್ಕೆ ಬಂದು ಇಪ್ಪತ್ತೆಂಟು ವರ್ಷವಾಗಿತ್ತು. ಕಾಲಿಗೆ ಹಗ್ಗದ ಪರಿಚಯ ಇನ್ನೂ ಆಗಿರಲಿಲ್ಲ, ಅಷ್ಟೆ.

ಕೂಗಿದವನು ಕಲಾಕೇಂದ್ರದ ಸಂಯೋಜಕ. ನೆತ್ತಿಯ ಮೇಲೆ ಕೂದಲನ್ನು ಗಂಟು ಹಾಕಿಕೊಳ್ಳುತ್ತಿದ್ದುದರಿಂದ ಪರದೆಯಕ್ಕನ ನಾದಿನಿ ಅವನಿಗೆ ಜುಟ್ಟಪ್ಪ ಎಂದು ಹೆಸರಿಟ್ಟಿದ್ದಳು. ಒಳ್ಳೆಯ ಹುಡುಗನೇ. ಕೂಗಿದ ಮೇಲೆ ‘ಸಾರಿ’ ಅನ್ನುತ್ತಿದ್ದ.

“ಸಾರಿ ಅಮ್ಮಾ. ಇದು ಅಜ್ಞಾತ ಕಲಾವಿದನ ಕೃತಿ. ಮೂವತ್ತು ವರ್ಷದ್ದು. ಇದರ ಮೇಲಿನ ಧೂಳೂ ಅಲುಗಾಡಬಾರದು ಅಂತ ಮೇಡಂ ಹೇಳಿದಾರೆ.”

“ಅಜ್ಞಾತ ಅಂದ್ರೆ?”

“ಯಾರು ಅಂತ ಗೊತ್ತಿಲ್ಲ.”

“ಯಾರನ್ನಾದ್ರೂ ಕೇಳಿದ್ರಾ?”

“ಯಾರನ್ನ ಕೇಳೋದು? ತಜ್ಞರು ಬಂದು ನೋಡ್ಕೊಂಡು ಹೋಗಿದಾರೆ.”

“ಬದುಕಿದಾನಾ?”

“ಗೊತ್ತಿಲ್ಲ ಅಂದ್ನಲ್ಲ.”

“ಪಾಪ,” ಎಂದಳು ಪರದೆಯಕ್ಕ. “ಹೆಂಡ್ತಿ ಮಕ್ಕಳು ಇದ್ರೋ ಏನೋ.”

ಹಗ್ಗದಾಚೆ ಬಂದು ನಿಂತು ಅವಳು ಆ ಕಲಾಕೃತಿಯನ್ನು ನೋಡಿದಳು. ನಡುವೆ ಮೂವತ್ತಡಿ ಉದ್ದ ಇಪ್ಪತ್ತಡಿ ಅಗಲದ ಬರೀ ಸಿಮೆಂಟು ನೆಲ, ಬೂದು ಬಣ್ಣದ್ದು. ಅದರ ನಾಲ್ಕೂ ಅಂಚಿಗೆ ನೀಲಿ, ಹಸಿರು, ಕೆಂಪು, ಕಾಡಿಗೆ ಕಪ್ಪು. ಒಂದರ ಮೇಲೊಂದು ಕೂತು ಉಗುರಿನಷ್ಟು ದಪ್ಪವಾಗಿ ಬಿರುಕು ಬಿಟ್ಟಿದ್ದವು. ಆ ನೀಲಿ ಮೂವತ್ತು ಆಕಾಶಗಳ ಅಂಚು. ಆ ಹಸಿರು ಅರಮನೆಯ ತೋಟದ್ದು. ಇವೆಲ್ಲ ಪರದೆಯ ಬಟ್ಟೆ ಮುಗಿದ ಮೇಲೂ ಕುಂಚ ನಿಲ್ಲದೆ ಆಚೆಗೆ ಓಡಿದಾಗ ನೆಲಕ್ಕೆ ಅಂಟಿದ್ದು. ಆ ಕುಂಚ ಹಿಡಿದ ಕೈ ಇದೇ. ಈಗ ಅದರಲ್ಲಿ ಪೊರಕೆ ಇತ್ತು.

ಹೇಳಬಹುದಿತ್ತು. ಆದರೆ ಹೇಳಿ ನೋಡಿ ಆಗಿತ್ತು. ಅದೂ ಬಾಯಲ್ಲಿ ಅಲ್ಲ, ಹನ್ನೊಂದು ಪುಟದ ಅರ್ಜಿಯಲ್ಲಿ.

ಆ ಕಥೆಯನ್ನೂ ಇಲ್ಲೇ ಹೇಳಿಬಿಡಬೇಕು.

ಇದು ಹಿಂದೆ ನೂಲಿನ ಗಿರಣಿಯ ಗೋದಾಮು. ಗಿರಣಿ ಮುಚ್ಚಿದ ಮೇಲೆ ಮಾಡು ಸೋರುವ ಈ ಉದ್ದನೆ ಕಟ್ಟಡದಲ್ಲಿ ಯಾರಿಗೂ ಬೇಡವಾದವರು ಬಂದು ಸೇರಿದರು. ಡೋಲಿಗೆ ಚರ್ಮ ಕಟ್ಟುವವನು ಒಬ್ಬ. ಗೊಂಬೆಯ ಅಚ್ಚು ಎರೆಯುವವನು ಒಬ್ಬ. ವಾದ್ಯ ಬಾರಿಸುವ ತಂಡವೊಂದು, ಮನೆಯ ಹತ್ತಿರ ಬಾರಿಸಿದರೆ ಅಕ್ಕಪಕ್ಕದವರು ಹೊಡೆಯಲು ಬರುತ್ತಾರೆಂದು ಇಲ್ಲಿ ಬಂದು ಬಾರಿಸುತ್ತಿತ್ತು. ನಡುಮಧ್ಯದ ನೆಲ ಪರದೆಯವರದು. ಪರದೆಯಕ್ಕನ ಮಾವ ನಾಟಕದ ಪರದೆ ಬರೆಯುತ್ತಿದ್ದ. ಮಗ ಆ ಕೆಲಸಕ್ಕೆ ಒಲಿಯಲಿಲ್ಲ, ಚಾಲಕನಾಗಿ ಲಾರಿ ಹತ್ತಿ ಹೋದ. ಸೊಸೆ ಒಲಿದಳು. ಮಗಳು ಅಂಟು ಕಾಯಿಸಿದಳು. ಹೀಗೆ ಅತ್ತಿಗೆ ನಾದಿನಿ ಇಬ್ಬರೇ ಗೋದಾಮಿನ ನೆಲದ ಮೇಲೆ ಕಾಡು, ಅರಮನೆ, ಬೀದಿ, ಸೆರೆಮನೆ ಎಲ್ಲ ಎಬ್ಬಿಸಿ ನಿಲ್ಲಿಸಿದರು.

ಪರದೆ ಬರೆಯುವುದು ಕೂತು ಮಾಡುವ ಕೆಲಸವಲ್ಲ. ಬಟ್ಟೆಯನ್ನು ನೆಲಕ್ಕೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲು ಹೇರಬೇಕು. ಅಂಟು ಕಲಸಿದ ಬಣ್ಣ ಬಿದ್ದರೆ ಒದ್ದೆ ಬಟ್ಟೆ ಮುನಿಸಿಕೊಂಡು ಮುದುಡುತ್ತದೆ. ಕಲ್ಲಿಲ್ಲದಿದ್ದರೆ ಆಕಾಶವೇ ಸುರುಟಿಕೊಂಡು ಬಂದು ಮರದ ಮೇಲೆ ಕೂರುತ್ತದೆ. ಆಮೇಲೆ ಬರಿಗಾಲಲ್ಲಿ ಬಟ್ಟೆಯ ಮೇಲೇ ನಡೆಯುತ್ತ, ಆಳುದ್ದದ ಕೋಲಿಗೆ ಕಟ್ಟಿದ ಕುಂಚವನ್ನು ಬೀಸಬೇಕು. ಮೂರು ದಿನ ಬೀಸಿದರೆ ಭುಜದ ಕೀಲು ಬೇರೆಯವರದು ಅನ್ನಿಸುತ್ತದೆ. ಹಿಮ್ಮಡಿ ಒಡೆಯುತ್ತದೆ. ಚರ್ಮ ಕಾಯಿಸಿದ ಅಂಟಿನ ವಾಸನೆ ಉಗುರಿನೊಳಗೆ ಮನೆ ಮಾಡುತ್ತದೆ. ನಾಟಕದವರು ಆಡಿ ಮುಗಿಸಿ ಪರದೆಯನ್ನು ವಾಪಸ್ಸು ತರುತ್ತಾರೆ. ತೊಟ್ಟಿಯಲ್ಲಿ ತುಳಿದು ತೊಳೆದರೆ ಕಾಡು ನೀರಾಗಿ ಹೋಗುತ್ತದೆ. ಅದೇ ಬಟ್ಟೆಗೆ ಅರಮನೆ.

ಹೀಗಿರುವಾಗ ಊರು ಬೆಳೆಯಿತು. ಸುತ್ತ ಗಾಜಿನ ಕಟ್ಟಡಗಳು ಎದ್ದವು. ಇಷ್ಟೆಲ್ಲ ಆದ ಮೇಲೆ ಊರಿಗೆ ಒಂದು ದಿನ ತನಗೆ ಕಲಾವಿದರೆಂದರೆ ಬಹಳ ಪ್ರೀತಿ ಎಂಬುದು ನೆನಪಾಯಿತು. ಕಲಾವಿದರು ಎಲ್ಲಿ ಕೆಲಸ ಮಾಡಬೇಕು, ಬಾಡಿಗೆ ಗಗನಕ್ಕೇರಿದೆ, ಅವರಿಗೆ ಕೈಗೆಟಕುವ ಜಾಗ ಬೇಡವೇ, ಎಂದು ಸಭೆಗಳಾದವು. ಹಳೇ ಗೋದಾಮು ಹೇಳಿಮಾಡಿಸಿದ ಹಾಗಿತ್ತು. ಕಲಾವಿದರಿಗೆ ಜಾಗ ಕೊಡಬೇಕೆಂದರೆ ಮೊದಲು ಒಳಗಿದ್ದವರು ಖಾಲಿ ಮಾಡಬೇಕಲ್ಲ? ಮಾಡಿಸಿದರು. ಡೋಲಿನವನು ಹೋದ. ಅಚ್ಚಿನವನು ಹೋದ. ವಾದ್ಯದವರು ಮೇಲುಸೇತುವೆಯ ಕೆಳಗೆ ಹೋದರು. ಅಲ್ಲಿ ಲಾರಿಗಳು ಅವರಿಗಿಂತ ಜೋರಾಗಿ ಬಾರಿಸುತ್ತವೆ. “ಅರ್ಜಿ ಹಾಕಿ, ನಿಮಗೇ ಮೊದಲ ಆದ್ಯತೆ,” ಎಂದು ಎಲ್ಲರ ಕೈಗೂ ಒಂದೊಂದು ಹಾಳೆ ಕೊಟ್ಟರು.

ಪರದೆಯಕ್ಕ ಹಾಕಿದಳು. ನಾದಿನಿಯ ಮಗಳು ಕೂತು ತುಂಬಿದಳು. ‘ನಿಮ್ಮ ಕಲಾಯಾನವನ್ನು ಮುನ್ನೂರು ಪದಗಳಲ್ಲಿ ವಿವರಿಸಿ’ ಎಂದಿತ್ತು. ‘ಮಾವನಿಂದ ಕಲಿತೆ. ಈಗಲೂ ಬರೆಯುತ್ತಿದ್ದೇನೆ’ ಎಂದು ಬರೆಸಿದಳು. ಉಳಿದ ಇನ್ನೂರ ತೊಂಬತ್ತಾರು ಪದಗಳಲ್ಲಿ ಹೇಳುವಂಥದ್ದು ಏನೂ ತೋಚಲಿಲ್ಲ. ‘ಇತ್ತೀಚಿನ ಐದು ಕೃತಿಗಳ ಛಾಯಾಚಿತ್ರ’ ಎಂದಿತ್ತು. ಐದನ್ನೂ ತೊಳೆದಾಗಿತ್ತು.

ಎರಡು ವರ್ಷದ ಮೇಲೆ ಉತ್ತರ ಬಂತು. ನಿಮ್ಮ ಕೆಲಸ ‘ಕಲೆ’ ವಿಭಾಗಕ್ಕೆ ಬರುವುದಿಲ್ಲ, ‘ಅಲಂಕಾರ ಸೇವೆ’ಗೆ ಬರುತ್ತದೆ. ಆದರೂ ನಿಮ್ಮ ಆಸಕ್ತಿಯನ್ನು ಮೆಚ್ಚಿ ಹಂಚಿಕೆಯ ಮೇಜೊಂದನ್ನು ನೀಡಬಹುದು. ನಾಲ್ಕಡಿ, ಎರಡಡಿ.

“ಮೇಜಾ?” ನಾದಿನಿ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದ್ದಳು. “ಮೂವತ್ತಡಿ ಕಾಡನ್ನ ಮೇಜಿನ ಮೇಲೆ ಹೆಂಗೆ ಬರೀತಾರೆ ಅತ್ತಿಗೆ? ಮಡಚಿ ಮಡಚಿನಾ?”

“ಒಂದು ಎಲೆ ಬರೀಬಹುದು.”

“ಹಂಗಾದ್ರೆ ಎಲೆ ಹಂಚಿಕೊಳ್ಳೋರು ಇನ್ನೊಬ್ಬರು ಬೇರೆ.”

ಅದೇ ವಾರ ಶುಚಿ ಕೆಲಸದ ಗುತ್ತಿಗೆದಾರ ಹೆಂಗಸರು ಬೇಕೆಂದು ಓಣಿಗೆ ಬಂದ. ಯಾವ ಕಟ್ಟಡ ಎಂದು ಕೇಳಿ ಇಬ್ಬರೂ ಬೆರಳೊತ್ತಿದರು. ಅದಕ್ಕೆ ಅರ್ಜಿ ಒಂದೇ ಪುಟ.

ಕಳೆದೊಂದು ತಿಂಗಳಿಂದ ಅತ್ತಿಗೆ ನಾದಿನಿ ನೀಲಿ ಕೋಟು ಹಾಕಿಕೊಂಡು ಕಲಾವಿದರ ಕೋಣೆ ಗುಡಿಸುತ್ತಿದ್ದಾರೆ. ಕಲಾವಿದರ ಕಕ್ಕಸು ಉಜ್ಜುತ್ತಾರೆ. ಅದರ ಬಾಗಿಲ ಮೇಲೆ ‘ಕಲಾವಿದರಿಗೆ ಮಾತ್ರ’ ಎಂದು ಬರೆದಿದೆ. ಇವರಿಗೆ ಅವಸರವಾದರೆ ಗೇಟು ದಾಟಿ, ರಸ್ತೆ ದಾಟಿ, ಪೆಟ್ರೋಲ್ ಬಂಕಿಗೆ ಹೋಗಬೇಕು. ಕಾಫಿ ಕಟ್ಟೆಯ ಮುಂದೆ ನಿಲ್ಲುವ ಹಾಗಿಲ್ಲ. ಮೊದಲ ದಿನವೇ ಕೇಂದ್ರದ ನಿರ್ದೇಶಕಿ ಮೇಡಂ ಪರದೆಯಕ್ಕನ ಉಗುರು ನೋಡಿ ಮೂಗು ಹಿಂಡಿದಂತೆ ಮಾಡಿ ರಬ್ಬರಿನ ಕೈಗವಸು ತರಿಸಿಕೊಟ್ಟಿದ್ದಳು. ಹಳೇ ನಾಲ್ಕು ಕಲ್ಲುಗಳಲ್ಲಿ ಎರಡು ಎಲ್ಲೋ ಹೋಗಿದ್ದವು. ಇನ್ನೆರಡು ಕಾಫಿ ಕಟ್ಟೆಯ ಮೇಲೆ ಗಿಡದ ಕುಂಡದ ಪಕ್ಕ ಅಲಂಕಾರಕ್ಕೆ ಕೂತಿದ್ದವು. ದಿನಾ ಅವುಗಳ ಧೂಳು ಒರೆಸುವುದು ನಾದಿನಿಯ ಪಾಲಿನ ಕೆಲಸ.

“ನಮ್ಮ ಕಲ್ಲಿಗೆ ಬಂದ ಯೋಗ ನೋಡಿ ಅತ್ತಿಗೆ,” ಅನ್ನುತ್ತಿದ್ದಳು ಅವಳು. “ಅದಕ್ಕಾದ್ರೂ ಕಾಫಿ ಕಟ್ಟೆ ಮೇಲೆ ಜಾಗ ಸಿಕ್ತಲ್ಲ.”

*

ಹಗ್ಗ ಕಟ್ಟಿದ ದಿನ ಮಧ್ಯಾಹ್ನ ನಾಟಕದ ಮೇಷ್ಟ್ರು ಗೇಟಿನ ಹತ್ತಿರ ಬಂದು ನಿಂತರು. ಬಸ್ ಡಿಪೋದ ಕೆಲಸಗಾರರನ್ನು ಕಟ್ಟಿಕೊಂಡು ವರ್ಷಕ್ಕೊಂದು ನಾಟಕ ಆಡಿಸುವ ಮನುಷ್ಯ. ಕೈಯಲ್ಲಿ ಬರೆದ ಪರದೆಯನ್ನು ಈಗಲೂ ಕೇಳುವ ತಂಡ ಅದೊಂದೇ.

“ಅಕ್ಕಾ, ಕಾಡು ಎಲ್ಲಿಗೆ ಬಂತು?”

“ಬಟ್ಟೆ ಹೊಲಿದಾಗಿದೆ ಮೇಷ್ಟ್ರೇ.”

“ಬಟ್ಟೆ ಹೋದ ತಿಂಗಳೇ ಹೊಲಿದಾಗಿತ್ತು. ಇನ್ನು ಹತ್ತು ದಿನ ಇದೆ. ನಮ್ಮ ಹುಡುಗರು ಪ್ರಿಂಟ್ ಹಾಕಿಸೋಣ ಅಂತ ಕುಣೀತಿದಾರೆ. ಬೆಳಿಗ್ಗೆ ಕೊಟ್ರೆ ಸಂಜೆ ಕೊಡ್ತಾನಂತೆ. ನಿಜವಾದ ಕಾಡಿನ ಫೋಟೋ ಅಂತೆ.”

“ಫೋಟೋದ ಕಾಡು ದೀಪ ಬಿದ್ರೆ ಹೊಳೀತದೆ ಮೇಷ್ಟ್ರೇ. ಕಾಡು ಹೊಳೀಬಾರದು.”

“ನಂಗೆ ಗೊತ್ತಕ್ಕಾ. ಅವರಿಗೆ ಗೊತ್ತಿಲ್ಲ. ಒಂದ್ಸಲ ಪ್ರಿಂಟಿಗೆ ಹೋದ್ರೆ ಮತ್ತೆ ನಿಮ್ಮ ಹತ್ರ ಬರಲ್ಲ ಅವರು. ಶುಕ್ರವಾರಕ್ಕಾದ್ರೂ ಶುರು ಮಾಡಿದೀನಿ ಅಂತ ಹೇಳಿ, ತಡೀತೀನಿ.”

ಎಲ್ಲಿ ಶುರು ಮಾಡುವುದು? ಮನೆ ಹತ್ತಡಿ ಎಂಟಡಿ. ಓಣಿಯ ಮನೆಯೊಂದರ ತಾರಸಿಯ ಮೇಲೆ ಹಾಸಿ ನೋಡಿದ್ದರು. ಗಾಳಿ ಬಂದು ಬಟ್ಟೆಯನ್ನು ಎತ್ತಿಕೊಂಡು ಹೋಗಿ ಪಕ್ಕದ ಮನೆಯ ಟಿವಿ ಕೊಡೆಗೆ ಹೊದಿಸಿತ್ತು. ಆ ಮನೆಯಾಕೆ ಧಾರಾವಾಹಿ ನಿಂತುಹೋಯಿತೆಂದು ಇವರ ಮೂರು ತಲೆಮಾರನ್ನೂ ನೆನೆಸಿಕೊಂಡಳು. ಶಾಲೆಯ ಅಂಗಳ ಕೇಳಿದರೆ ‘ಅಂಟಿನ ವಾಸನೆ’ ಎಂದರು. ರಸ್ತೆಯಲ್ಲೇ ಹಾಸೋಣ ಎಂದು ನಾದಿನಿ ಒಂದು ದಿನ ನಿಜವಾಗಿಯೂ ಅಳತೆ ತೆಗೆದಳು. ಇಷ್ಟು ದೊಡ್ಡ ಊರಿನಲ್ಲಿ ಮೂವತ್ತಡಿ ಇಪ್ಪತ್ತಡಿಯ ಒಂದು ಸಮನೆಯ ನೆಲ, ತಲೆ ಮೇಲೊಂದು ಮಾಡು, ಮೂರು ದಿನದ ಮಟ್ಟಿಗೆ. ಇಲ್ಲ.

ಇತ್ತು. ಒಂದು ಇತ್ತು. ಅದರ ಸುತ್ತ ಹಗ್ಗ ಕಟ್ಟಿದ್ದರು.

*

ಮರುದಿನ ಗಡ್ಡದ ವಿಮರ್ಶಕರು ಬಂದರು. ಹಗ್ಗದ ಪಕ್ಕ ನಿಂತು ಮೇಡಂಗೂ ಜುಟ್ಟಪ್ಪನಿಗೂ ವಿವರಿಸುತ್ತಿದ್ದರು. ಅತ್ತಿಗೆ ನಾದಿನಿ ಕಿಟಕಿ ಒರೆಸುತ್ತಿದ್ದರು. ಒಂದೇ ಗಾಜನ್ನು ಒರೆಸಿದ್ದೇ ಒರೆಸಿದ್ದು.

“ಗಮನಿಸಿ,” ಎಂದರು ವಿಮರ್ಶಕರು. “ಕಲಾವಿದ ನಡುವೆ ಏನನ್ನೂ ಬರೆದಿಲ್ಲ. ಇದು ಈ ಮಹಾನಗರದ ಶೂನ್ಯ. ಒಂಟಿ ಗಂಡಸಿನ ಮೌನ.”

“ಅಲ್ಲಿ ಬಟ್ಟೆ ಇತ್ತು,” ಎಂದು ನಾದಿನಿ ಗಾಜಿಗೆ ಹೇಳಿದಳು.

“ಈ ಮೂಲೆಯ ಕೆಂಪು ನೋಡಿ. ಒಮ್ಮೆಗೇ ಎರಚಿದ್ದು. ಎಂಥ ಆಕ್ರೋಶ! ದುಡಿಯುವ ವರ್ಗದ ಸಿಟ್ಟು ಇಲ್ಲಿ ಸ್ಫೋಟಗೊಂಡಿದೆ.”

ನಾದಿನಿ ಕೋಟಿನ ತೋಳನ್ನು ಬಾಯಿಗೆ ತುರುಕಿಕೊಂಡಳು. ಅವಳ ಭುಜ ಕುಣಿಯುತ್ತಿತ್ತು. ಆ ಕೆಂಪು ಮುಳುಗುವ ಸೂರ್ಯನಿಗೆಂದು ಕಲಸಿದ್ದು. ಹತ್ತೊಂಬತ್ತು ವರ್ಷದ ಹಿಂದೆ, ತುಂಬಿದ ಹೊಟ್ಟೆ ಹೊತ್ತು ಅಂಟು ಕದಡುತ್ತಿದ್ದಾಗ ನೋವು ಕಾಣಿಸಿಕೊಂಡು ಅವಳು ಒದ್ದ ಒದೆತಕ್ಕೆ ಇಡೀ ಬಕೆಟ್ಟು ಉರುಳಿತ್ತು. ಮಗಳು ಹುಟ್ಟಿದ್ದು ಡೋಲಿನವನ ಕೈಗಾಡಿಯಲ್ಲಿ, ಆಸ್ಪತ್ರೆಯ ದಾರಿಯಲ್ಲಿ.

“ಸಿಟ್ಟಂತೆ ಅತ್ತಿಗೆ,” ಎಂದಳು ಕಣ್ಣೊರೆಸಿಕೊಳ್ಳುತ್ತ. “ಇವರಪ್ಪನಾಣೆ ಅವತ್ತು ನಂಗೆ ಸಿಟ್ಟಿರಲಿಲ್ಲ. ಹೆರಿಗೆ ನೋವಿತ್ತು.”

ಪರದೆಯಕ್ಕ ನಗಲಿಲ್ಲ. ಅವಳು ಆ ಬೂದು ನೆಲವನ್ನೇ ನೋಡುತ್ತಿದ್ದಳು. ನಡುವೆ ಬರೆದದ್ದು ಸೇವೆ. ಅಂಚಿಗೆ ಚೆಲ್ಲಿದ್ದು ಕಲೆ. ಇಪ್ಪತ್ತೆಂಟು ವರ್ಷ ಬೆನ್ನು ಬಗ್ಗಿಸಿ ಬರೆದದ್ದಕ್ಕೆ ಇವರ ಬಳಿ ಹೆಸರಿಲ್ಲ; ಕುಂಚ ಒರೆಸಿದ ಕೊಳೆಗೆ ಹಿತ್ತಾಳೆ ಕಂಬ.

ಗುಟ್ಟು ಹೊರಬಿದ್ದದ್ದು ಗೇಟಣ್ಣನಿಂದ. ಅವನು ಗೋದಾಮಿನ ಹಳೇ ಹಮಾಲಿ. ಈಗ ಟೋಪಿ ಹಾಕಿಕೊಂಡು ಗೇಟು ಕಾಯುತ್ತಾನೆ. ಮೂವತ್ತು ವರ್ಷ ಯಾರ ಜೊತೆ ಬೀಡಿ ಹಂಚಿಕೊಂಡನೋ ಅವರ ಚೀಲವನ್ನೇ ತಡಕುತ್ತಾನೆ. ವಿಮರ್ಶಕರು ಹೋಗುವಾಗ, ಇಲ್ಲಿದ್ದ ಆ ಒಂಟಿ ಕಲಾವಿದನ ನೆನಪುಂಟೇ ಎಂದು ಅವನನ್ನು ಕೇಳಿದರು.

“ಒಂಟಿ ಯಾರೂ ಇರ್ಲಿಲ್ವಲ್ಲ ಸ್ವಾಮಿ,” ಎಂದ ಗೇಟಣ್ಣ. “ಇಬ್ಬರು ಹೆಂಗಸರು. ಅಗೋ, ಈಗ ನಿಮ್ಮ ಕಾಫಿ ಲೋಟ ಎತ್ತಿಟ್ರಲ್ಲ, ಅವರೇ.”

*

ಮೇಡಂ ಕುರ್ಚಿಯಿಂದ ಎದ್ದು ಬಂದು ಪರದೆಯಕ್ಕನ ಎರಡೂ ಕೈ ಹಿಡಿದುಕೊಂಡಳು. ಉಗುರಿನ ವಾಸನೆ ಇವತ್ತು ಅವಳಿಗೆ ತಟ್ಟಲಿಲ್ಲ.

“ಅಯ್ಯೋ, ನೀವೇನಾ! ಮೊದಲೇ ಯಾಕಮ್ಮಾ ಹೇಳಲಿಲ್ಲ?”

“ಅರ್ಜೀಲಿ ಹೇಳಿದ್ದೆ.”

“ಅರ್ಜಿ ಸಮಿತಿಗೆ ಹೋಗುತ್ತೆ, ನನಗೆ ಬರಲ್ಲ. ಇರಲಿ. ಗುರುವಾರ ಬೆಳಿಗ್ಗೆ ಉದ್ಘಾಟನೆ. ನೀವು ಬರಬೇಕು.”

“ಬರ್ತೀನಲ್ಲ. ಕಸ ಯಾರು ಗುಡಿಸ್ತಾರೆ?”

“ಅದಕ್ಕಲ್ಲಮ್ಮ! ಕಲಾವಿದೆಯಾಗಿ ಬರಬೇಕು. ಹಗ್ಗದ ಪಕ್ಕ ನಿಂತು ಎರಡು ನಿಮಿಷ ನಿಮ್ಮ ಕಷ್ಟ ಹೇಳ್ಕೊಳ್ಳಿ. ಪ್ರಮಾಣಪತ್ರ ಕೊಡ್ತೀವಿ. ಫೋಟೋ ತೆಗೆಸ್ತೀವಿ.”

“ಪತ್ರ ಬೇಡ ಮೇಡಂ. ಮೂರು ದಿನ ಆ ನೆಲ ಕೊಡಿ.”

“ಯಾವ ನೆಲ?”

“ಹಗ್ಗದೊಳಗೆ ಖಾಲಿ ಇದೆಯಲ್ಲ, ಅದು. ನಾಟಕದವರಿಗೆ ಒಂದು ಕಾಡು ಕೊಡಬೇಕು.”

ಮೇಡಂ ಮಗುವಿಗೆ ತಿಳಿಹೇಳುವಂತೆ ತಲೆ ವಾಲಿಸಿದಳು. “ಅದು ಖಾಲಿ ಅಲ್ಲಮ್ಮ. ಅದು ಕೃತಿಯ ಭಾಗ. ಮೌನ ಅದು.”

“ಮೌನದ ಮೇಲೆ ಮೆಲ್ಲಗೆ ಬಟ್ಟೆ ಹಾಸ್ತೀನಿ. ಗಲಾಟೆ ಮಾಡಲ್ಲ.”

ಜುಟ್ಟಪ್ಪನಿಗೆ ನಗು ಬಂತು. ಮೇಡಂ ನೋಡಿದಳು. ನುಂಗಿಕೊಂಡ.

“ಆಗಲ್ಲಮ್ಮ. ಮುಂದಿನ ಸಾಲಿನಲ್ಲಿ ಮತ್ತೆ ಅರ್ಜಿ ಹಾಕಿ, ನಾನೇ ಶಿಫಾರಸು ಮಾಡ್ತೀನಿ. ಈಗ ಗುರುವಾರದ್ದು ಕೇಳಿ. ಈ ಕೋಟು ಬೇಡ. ಬಣ್ಣದ ಕಲೆ ಇರೋ ಹಳೇ ಬಟ್ಟೆ ಇದೆಯಾ? ಅದನ್ನೇ ಹಾಕ್ಕೊಂಡು ಬನ್ನಿ. ನಿಮ್ಮ ಹಳೇ ಸಾಮಾನೂ ತನ್ನಿ. ಕುಂಚ, ಬಕೆಟ್, ಬಟ್ಟೆ. ಪಕ್ಕದಲ್ಲಿ ಜೋಡಿಸಿಟ್ಟರೆ ಚೆನ್ನಾಗಿ ಕಾಣುತ್ತೆ.”

ಪರದೆಯಕ್ಕ ಬಹಳ ವಿನಯದಿಂದ ಕೇಳಿದಳು:

“ಬಟ್ಟೆ ಎಷ್ಟು ತರ್ಲಿ?”

“ಎಷ್ಟಿದೆಯೋ ಅಷ್ಟೂ ತನ್ನಿ.”

“ಬಕೆಟಲ್ಲಿ ಬಣ್ಣ ಇರ್ಬೇಕಾ, ಖಾಲಿನಾ?”

“ಬಣ್ಣ ಇದ್ದರೆ ಇನ್ನೂ ಚೆನ್ನ. ಸಹಜವಾಗಿರುತ್ತೆ.”

“ನಮ್ಮ ನಾದಿನಿಯೂ ಬರ್ಬಹುದಾ?”

“ಖಂಡಿತಾ! ನಿಮ್ಮ ಹೋರಾಟದಲ್ಲಿ ಭಾಗಿ ಅಲ್ವಾ ಅವರೂ.”

*

ಗುರುವಾರ ಬೆಳಿಗ್ಗೆ ಗೇಟಣ್ಣ ಕೈಗಾಡಿಯನ್ನು ತಡೆದ. ಮೂರು ಬಕೆಟ್ ಬಣ್ಣ. ಮುಚ್ಚಳ ಬಿಗಿದ ಪಾತ್ರೆಯಲ್ಲಿ ಬಿಸಿ ಅಂಟು, ಅದರ ವಾಸನೆಗೆ ಬೀದಿನಾಯಿ ಎರಡು ಹಿಂದೆ ಬಂದಿದ್ದವು. ಆಳುದ್ದದ ಕೋಲುಗಳು. ಇಬ್ಬರು ಹೊರಬೇಕಾದ ಬಟ್ಟೆಯ ಸುರುಳಿ.

“ಏನಿದು, ಸಂಸಾರ ಸಮೇತ?”

“ಮೇಡಂ ತರೋಕೆ ಹೇಳಿದಾರೆ. ಎಷ್ಟಿದೆಯೋ ಅಷ್ಟೂ.”

ಗೇಟಣ್ಣ ಸುರುಳಿಯನ್ನು ನೋಡಿದ. ಪರದೆಯಕ್ಕನ ಮುಖ ನೋಡಿದ. ಮೂವತ್ತು ವರ್ಷ ಆ ಸುರುಳಿಗೆ ಹೆಗಲು ಕೊಟ್ಟವನು ಅವನು. “ಮೇಡಂ ಹೇಳಿದ್ಮೇಲೆ ಮುಗೀತು,” ಎಂದು ಗೇಟಿನ ಎರಡೂ ರೆಕ್ಕೆ ತೆಗೆದ.

ಒಳಗೆ ನೂರು ಜನ. ಗಾಜಿನ ಲೋಟಗಳು. ಪರದೆಯಕ್ಕ ಬಣ್ಣದ ಕಲೆಯ ಹಳೇ ಸೀರೆಯ ಮೇಲೆ ನೀಲಿ ಕೋಟನ್ನೂ ಹಾಕಿಕೊಂಡೇ ಬಂದಿದ್ದಳು. ಮುಖ್ಯ ಅತಿಥಿಗಳು ಊರಿನ ದೊಡ್ಡ ಮನುಷ್ಯರು. ಸುತ್ತಲ ಗಾಜಿನ ಕಟ್ಟಡಗಳಲ್ಲಿ ನಾಲ್ಕು ಅವರವೇ. ನಗರಕ್ಕೆ ಕಲಾವಿದರು ಉಸಿರಿದ್ದಂತೆ ಎಂದು ಅವರು ಮುಕ್ಕಾಲು ಗಂಟೆ ಉಸಿರು ಬಿಡದೆ ಹೇಳಿದರು. ವಿಮರ್ಶಕರು ಒಂಟಿ ಗಂಡಸಿನ ಮೌನವನ್ನು ಒಂದೇ ವಾರದಲ್ಲಿ ಇಬ್ಬರು ಹೆಂಗಸರ ಮೌನವಾಗಿ ತಿದ್ದಿಕೊಂಡಿದ್ದರು. ಉಳಿದದ್ದೆಲ್ಲ ಅದೇ. ಆಮೇಲೆ ಮೇಡಂ ಮೈಕು ಹಿಡಿದು, “ಈ ನೆಲದ ಮಗಳು, ನಮ್ಮ ನಡುವೆಯೇ ಮರೆಯಾಗಿದ್ದ ಪ್ರತಿಭೆ,” ಎಂದು ಪರದೆಯಕ್ಕನನ್ನು ಕರೆದಳು. ಚಪ್ಪಾಳೆ.

ಮೈಕು ಮೂತಿಗೆ ಬಂತು. ಪರದೆಯಕ್ಕ ಅದನ್ನು ಪಕ್ಕಕ್ಕೆ ಸರಿಸಿದಳು.

“ನಂಗೆ ಮಾತಾಡೋಕೆ ಬರಲ್ಲ. ಕೆಲಸ ಬರುತ್ತೆ.”

ಬಗ್ಗಿ ಹಗ್ಗದ ಕೆಳಗೆ ನುಸುಳಿದಳು. ಆಚೆಯಿಂದ ನಾದಿನಿ ಸುರುಳಿಯ ಒಂದು ತುದಿ ನೂಕಿದಳು. ಬಟ್ಟೆ ಬೂದು ನೆಲದ ಮೇಲೆ ಉರುಳುತ್ತ ಹೋಗಿ ಆ ಬಣ್ಣದ ಅಂಚಿಗೆ ಸರಿಯಾಗಿ ಬಂದು ನಿಂತಿತು. ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಕಡಿಮೆಯಿಲ್ಲ. ಜನ ‘ಆಹಾ’ ಎಂದರು. ನೂರು ಫೋನುಗಳು ಮೇಲೆದ್ದವು.

“ಅದ್ಭುತ!” ಎಂದರು ಮುಖ್ಯ ಅತಿಥಿಗಳು. “ಇದು ಕಾರ್ಯಕ್ರಮ ಪಟ್ಟಿಯಲ್ಲಿ ಇರಲಿಲ್ಲ?”

“ಅದು... ಅಚ್ಚರಿಗೆ ಅಂತ ಇಟ್ಟಿದ್ವಿ ಸರ್,” ಎಂದಳು ಮೇಡಂ. ಮುಖದಲ್ಲಿ ನಗು ಹಾಗೇ ಇಟ್ಟುಕೊಂಡು ಹಗ್ಗದ ಹತ್ತಿರ ಬಂದು ಹಲ್ಲಿನ ಸಂದಿಯಿಂದ ಕೇಳಿದಳು: “ಎಷ್ಟು ಹೊತ್ತಮ್ಮಾ ಇದು?”

“ಮೂರು ದಿನ.”

“ತಮಾಷೆನಾ? ಎರಡು ನಿಮಿಷ ಕೊಟ್ಟಿದ್ದು ನಿಮಗೆ!”

“ಎರಡು ನಿಮಿಷಕ್ಕೆ ಕಾಡು ಬೆಳೆಯಲ್ಲ ಮೇಡಂ.”

“ನೋಡಿ, ನಿಮ್ಮ ಗುತ್ತಿಗೆದಾರನಿಗೆ ಒಂದು ಫೋನ್ ಮಾಡಿದರೆ ನಾಳೆಯಿಂದ ನಿಮಗೆ ಕೆಲಸ ಇರಲ್ಲ.”

ಪರದೆಯಕ್ಕ ನೀಲಿ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದಳು. ಅವಸರವಿರಲಿಲ್ಲ. ಕೋಟನ್ನು ಅಂಗಡಿಯವರ ಹಾಗೆ ಚೌಕವಾಗಿ ಮಡಚಿ, ರಬ್ಬರಿನ ಕೈಗವಸುಗಳನ್ನು ಅದರ ಮೇಲಿಟ್ಟು, ಹಗ್ಗದ ಮೇಲಿಂದ ಮೇಡಂ ಕೈಗೆ ಕೊಟ್ಟಳು.

“ಫೋನ್ ಮಾಡೋವಾಗ ಇದನ್ನೂ ಅವನಿಗೆ ಕೊಟ್ಬಿಡಿ. ಕಕ್ಕಸು ಉಜ್ಜೋಕೆ ಬೇರೆಯವರು ಸಿಗ್ತಾರೆ. ಕೆಲಸ ಇರಲ್ಲ ಅಂದ್ರಲ್ಲ, ಇದೇನು ಮತ್ತೆ? ಕೆಲಸ ಅಂದ್ರೆ ಇದು. ನನ್ನ ಎಬ್ಬಿಸ್ಬೇಕಾ, ಈಗ್ಲೇ ಎಬ್ಬಿಸಿ. ಇಷ್ಟು ಜನ ಇದಾರೆ, ಎಲ್ಲರ ಎದುರಿಗೆ ಎಬ್ಬಿಸಿ. ನಾನಾಗಿ ಏಳಲ್ಲ.”

ಅವಳು ಕೂಗಿರಲಿಲ್ಲ. ಆದರೆ ಮೈಕು ಮೇಡಂ ಕೈಯಲ್ಲೇ ಇತ್ತು, ಅದಿನ್ನೂ ಬದುಕಿತ್ತು. ಮಾತು ಮಾಡಿನವರೆಗೆ ಹೋಗಿ ಬಂತು. ಫೋನುಗಳು ಮೇಡಂ ಕಡೆ ತಿರುಗಿದವು. ಮೇಡಂ ಕೋಟು ಹಿಡಿದುಕೊಂಡು ನಿಂತಳು. ಎಲ್ಲಿಡಬೇಕು ಎಂದು ಗೊತ್ತಾಗಲಿಲ್ಲ.

ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು. ಅದನ್ನೂ ನಾಟಕವೆಂದು ತಿಳಿದು ಉಳಿದವರೂ ತಟ್ಟಿದರು.

“ಚಪ್ಪಾಳೆ ಸಾಕು!” ಎಂದಳು ನಾದಿನಿ, ಇದ್ದಿಲು ಬಳಿದ ದಾರದ ಉಂಡೆ ತೆಗೆದು. “ಗೆರೆ ಹೊಡೀಬೇಕು, ಒಂದು ಕೈ ಕಮ್ಮಿ ಇದೆ. ಏಯ್ ಜುಟ್ಟಪ್ಪಾ, ಬಾರೋ ಇಲ್ಲಿ. ಆ ತುದಿ ಹಿಡ್ಕೋ. ಬೂಟು ಬಿಚ್ಚು ಮೊದಲು.”

ಜುಟ್ಟಪ್ಪ ಮೇಡಂ ಕಡೆ ನೋಡಿದ. ದಾರದ ಕಡೆ ನೋಡಿದ. ತನಗೆ ಇಂಥ ಹೆಸರಿದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಬೂಟು ಬಿಚ್ಚಿ, ಕಾಲುಚೀಲವನ್ನೂ ಬಿಚ್ಚಿ, ಹಗ್ಗ ದಾಟಿದ. ದಾರ ಹಿಡಿದು ಕುಕ್ಕರಗಾಲಲ್ಲಿ ಕೂತ. ನಾದಿನಿ ಎಳೆದು ಬಿಟ್ಟಳು. ಬಟ್ಟೆಯ ಉದ್ದಕ್ಕೂ ಕಪ್ಪು ಗೆರೆ ಬಿತ್ತು.

ಪರದೆಯಕ್ಕ ಅಂಟಿನ ಪಾತ್ರೆಯ ಮುಚ್ಚಳ ತೆಗೆದಳು. ಮುಂದಿನ ಎರಡು ಸಾಲಿನ ಜನ ಹಿಂದಿನ ಎರಡು ಸಾಲಾದರು. ಕಾಡಿಗೆ ಮೊದಲು ಕತ್ತಲೆ ಹಚ್ಚಬೇಕು, ಬೆಳಕು ಆಮೇಲೆ. ಕಡುಹಸಿರನ್ನು ಅಂಟಿಗೆ ಸುರಿದು ಕದಡಿದಳು. ಕೋಲು ಕೈಗೆ ಬಂತು. ತಿಂಗಳಿಡೀ ಪೊರಕೆ ಬೀಸಿದ ಭುಜ ಅದೇ ಬೀಸನ್ನು ಬೀಸಿತು. ಈ ಸಲ ಹಿಂದೆ ಏನೋ ಉಳಿಯಿತು.

ಮುಖ್ಯ ಅತಿಥಿಗಳಿಗೆ ಹತ್ತಿರದಿಂದ ನೋಡಬೇಕೆನ್ನಿಸಿತು. ಹಗ್ಗ ಎತ್ತಿ ಒಂದು ಹೆಜ್ಜೆ ಒಳಗಿಟ್ಟರು.

“ಅಣ್ಣಾ, ಕಾಲು ತೆಗೀರಿ,” ಎಂದಳು ಪರದೆಯಕ್ಕ, ತಲೆ ಎತ್ತದೆ. “ಅದು ಕೆಲಸ.”

ದೊಡ್ಡ ಮನುಷ್ಯರು ಒಂದು ಕಾಲನ್ನು ಎತ್ತಿ ಹಿಡಿದರು. ಇನ್ನೊಂದನ್ನು ಎಲ್ಲಿಡಬೇಕೆಂದು ಕೆಳಗೆ ನೋಡಿದರು.

“ಅತ್ತಿಗೆ, ಬಟ್ಟೆ ಮುದುಡ್ತಾ ಇದೆ. ಮೂಲೆ ಏಳ್ತಿದೆ ನೋಡಿ. ಕಲ್ಲು ಕಾಫಿ ಕಟ್ಟೆ ಮೇಲಿದೆ, ಅವೂ ಎರಡೇ.”

“ಕಂಬ ಇದಾವಲ್ಲ.”

ನಾದಿನಿ ಕೊಕ್ಕೆ ಕಳಚಿದಳು. ಕೆಂಪು ಹಗ್ಗ ಸಡಿಲವಾಗಿ ನೆಲಕ್ಕೆ ಬಿತ್ತು. ಮೂಲೆಯ ಹಿತ್ತಾಳೆ ಕಂಬವನ್ನು ಅವಳು ಎದೆಗೊತ್ತಿ ಎತ್ತಿ, ಏದುಸಿರು ಬಿಡುತ್ತ ತಂದು, ಮೇಲೆದ್ದಿದ್ದ ಬಟ್ಟೆಯ ತುದಿಯ ಮೇಲೆ ಕುಕ್ಕಿದಳು. ಬಟ್ಟೆ ಮಲಗಿತು. ಅವಳು ಎರಡನೆಯದನ್ನು ತರಲು ಹೋದಳು.